ಕೂಸಿಗೂ ಒಂದು ಕುರ್ಚಿ

ನಮ್ಮ ಕಡೆ ಮುಂಗಡವಾಗಿ ಕಾದಿರಿಸುವ ಪದ್ಧತಿ ಇರುವುದು ಬಸ್ಸಿಗೆ, ರೈಲಿಗೆ, ಕಲ್ಯಾಣ ಮಂಟಪಕ್ಕೆ. ಹೋಟೆಲಿಗೆ ಅದರ ಅಗತ್ಯ ಬಿದ್ದದ್ದಿಲ್ಲ. ಊಟದ ಹೊತ್ತಿಗೆ ಹೋಗುವುದು, ಯಾರು ಮಜ್ಜಿಗೆಗೆ ಬಂದಿದ್ದಾರೆ ಎಂದು ಗುರುತು ಹಿಡಿದು ಅವರ ಕುರ್ಚಿಯ ಹಿಂದೆ ನಿಲ್ಲುವುದು, ಅವರು ಏಳುತ್ತಿದ್ದಂತೆ ಕರವಸ್ತ್ರ ಹಾಕುವುದು. ಇಷ್ಟೇ ನಮ್ಮ ರಿಸರ್ವೇಶನ್. ಐವತ್ತು ದಾಟುವವರೆಗೂ ನಾನು ಹೀಗೆಯೇ ಉಂಡವನು. ಹಾಗಾಗಿ ಮೊನ್ನೆ ಕವಲಂದೆಯ ಒಂದು ಸಣ್ಣ ಹೋಟೆಲಿಗೆ ಫೋನು ಮಾಡಿ, "ಭಾಯ್, ನಾಳೆ ಹನ್ನೆರಡು ಗಂಟೆಗೆ ನಮಗೆ ಒಂದು ಟೇಬಲ್ ಇಟ್ಟಿರಬೇಕು" ಎಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಬರಲಿಲ್ಲ. ಆಮೇಲೆ ಕೇಳಿಸಿದ್ದು ನಗು.

"ಟೇಬಲ್ಲು ಎಲ್ಲಿಗೋಗ್ತದೆ ಮೇಷ್ಟ್ರೇ? ಇಲ್ಲೇ ಇರ್ತದೆ, ಬನ್ನಿ."

ಆ ಕಡೆಯ ಪ್ರೌಢಶಾಲೆಯಲ್ಲಿ ಕೆಲವು ವರ್ಷ ವಿಜ್ಞಾನ ಪಾಠ ಹೇಳುತ್ತಿದ್ದಾಗ ನಾನು ದಿನಕ್ಕೆರಡು ಹೊತ್ತು ಟೀ ಕುಡಿಯುತ್ತಿದ್ದ ಅಂಗಡಿ ಅದು. ನಾಲ್ಕು ಟೇಬಲ್ಲು, ಎಂಟು ಬೆಂಚು. ಒಂದು ಒಲೆಯ ಮೇಲೆ ಬಿರಿಯಾನಿ, ಇನ್ನೊಂದರ ಮೇಲೆ ಅನ್ನ, ಸಾರು, ಮುದ್ದೆ. ಅಲ್ಲಿಗೆ ಟೇಬಲ್ ಬುಕ್ ಮಾಡಿದ ಮೊದಲ ಗಿರಾಕಿ ನಾನೇ ಇರಬೇಕು. ಅದಕ್ಕೆ ಕಾರಣ ನನ್ನ ಹತ್ತು ತಿಂಗಳ ಮೊಮ್ಮಗ.

ಅದಕ್ಕೂ ಒಂದು ತಿಂಗಳು ಮೊದಲು ಮಗಳ ಹುಟ್ಟುಹಬ್ಬ ಬಂದಿತ್ತು. ಬಾಣಂತನ ಮುಗಿದರೂ ಅವಳು ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. ಹೆಚ್ಚೆಂದರೆ ಆಸ್ಪತ್ರೆ, ಇಲ್ಲವೇ ನಂಜುಂಡೇಶ್ವರನ ಗುಡಿ. "ಮೈಸೂರಿಗೆ ಹೋಗಿ ಊಟ ಮಾಡಿ ಬರೋಣ" ಎಂದು ನಾನೇ ಎಲ್ಲರನ್ನೂ ಹೊರಡಿಸಿದೆ. ಭಾನುವಾರ ಮಧ್ಯಾಹ್ನ ಒಂದು ಗಂಟೆ. ಹೋಟೆಲಿನ ಹೆಸರು ಬೇಡ, ತಪ್ಪು ಅವರದಕ್ಕಿಂತ ನನ್ನದೇ ಹೆಚ್ಚು. ಬಾಗಿಲಲ್ಲೇ ಜನ ನಿಂತಿದ್ದರು. ನಾವು ಕೈ ತೊಳೆಯುವ ಬೇಸಿನ್ನಿನ ಪಕ್ಕ ಮುಕ್ಕಾಲು ಗಂಟೆ ಕಾದೆವು. ಕೊನೆಗೆ ಸಿಕ್ಕಿದ ಟೇಬಲ್ಲು ಅಡುಗೆಮನೆಯ ಬಾಗಿಲಿಗೆ ಎದುರು. ಸಾಂಬಾರಿನ ಬಕೆಟ್ಟು ಕೂಸಿನ ತಲೆಯ ಮೇಲೇ ಹೋಗಿ ಬಂದು ಮಾಡುತ್ತಿತ್ತು. ಹಸಿದಿದ್ದ ಕೂಸು ಎದುರಿಗಿದ್ದ ಬಟ್ಟಲಿಗೆ ಕೈ ಹಾಕಿತು. ಬಟ್ಟಲು ಉರುಳಿ ನಾಲ್ಕು ಹನಿ ಅದರ ಮುಂಗೈ ಮೇಲೆ ಬಿತ್ತು. ದೊಡ್ಡದೇನೂ ಆಗಲಿಲ್ಲ, ತಣ್ಣೀರಿನಲ್ಲಿ ಕೈ ಹಿಡಿದು ತೊಳೆದೆವು. ಆದರೆ ಅದು ಅತ್ತ ಅಳುವಿಗೆ ಇಡೀ ಹಾಲು ನಮ್ಮ ಕಡೆ ತಿರುಗಿತು. "ಇಷ್ಟು ಚಿಕ್ಕದನ್ನ ಯಾಕಾದರೂ ಕರಕೊಂಡು ಬರ್ತಾರೋ" ಎಂದು ಪಕ್ಕದ ಟೇಬಲ್ಲಿನಿಂದ ಒಂದು ಮಾತೂ ಬಂತು. ಮಗಳು ಕೂಸನ್ನು ಎತ್ತಿಕೊಂಡು ಹೊರಗೆ ಹೋದವಳು ಸ್ಕೂಟರುಗಳ ನಡುವೆ ನಿಂತೇ ಇದ್ದಳು. ಅವಳ ಹುಟ್ಟುಹಬ್ಬದ ಊಟ ಪೊಟ್ಟಣವಾಗಿ ಕಟ್ಟಿಸಿಕೊಂಡು ಬಂತು.

ವಾಪಸು ಬರುವಾಗ ರೈಲಿನಲ್ಲಿ ಅವಳು ಆಡಿದ್ದು ಒಂದೇ ಮಾತು. "ಅಪ್ಪ, ಇವನಿಗೆ ಮೂರು ವರ್ಷ ತುಂಬೋವರೆಗೂ ನನ್ನನ್ನ ಎಲ್ಲಿಗೂ ಕರೀಬೇಡಿ."

ನಂಜನಗೂಡಿಗೆ ಬರುವ ಮುನ್ನ ಕಪಿಲಾ ನದಿ ದಾಟಬೇಕು. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ, ಕಟ್ಟಿದ ಕಲ್ಲಿನ ಹಳೆಯ ಸೇತುವೆ ಪಕ್ಕದಲ್ಲೇ ಕಾಣುತ್ತದೆ. ಮೀಟರ್‌ಗೇಜ್ ಇದ್ದ ಕಾಲಕ್ಕೆ ರೈಲೂ ಅದರ ಮೇಲೇ ಹೋಗುತ್ತಿತ್ತು. ನನ್ನ ಹೆಂಡತಿ ಆ ಸೇತುವೆಯನ್ನೇ ನೋಡುತ್ತಾ, "ಜಾತ್ರೆ ದಿನ ನೆನಪಿದೆಯಾ?" ಎಂದಳು.

ನನಗೆ ನೆನಪಿರಲಿಲ್ಲ. ಅವಳೇ ಹೇಳಿದಳು. ಇದೇ ಮಗಳು ಐದಾರು ತಿಂಗಳ ಕೂಸು. ನಂಜನಗೂಡಿನ ದೊಡ್ಡ ಜಾತ್ರೆ, ತೇರು ನೋಡಿಕೊಂಡು ಒಂದು ಹೋಟೆಲಿಗೆ ಹೋಗಿದ್ದೆವು. ಒಂದೇ ಕುರ್ಚಿ ಸಿಕ್ಕಿತು. "ನೀವು ಮುಗಿಸಿ ಬನ್ನಿ, ನಾನು ಇವಳನ್ನ ಹಿಡಿದುಕೊಂಡಿರ್ತೀನಿ" ಎಂದು ಅವಳು ಹೊರಗೆ ನಿಂತಳು. ನಾನು ಉಂಡು ಬಂದೆ. "ಈಗ ನೀನು ಹೋಗು" ಎಂದಾಗ "ನನಗೆ ಹಸಿವಿಲ್ಲ" ಎಂದಳಂತೆ. ನಾನು ನಂಬಿದೆನಂತೆ.

"ಹಸಿವಿತ್ತಾ?" ಎಂದೆ.

"ಹಾಲೂಡಿಸೋ ಹೆಂಗಸಿಗೆ ಹಸಿವಿರಲ್ವಾ? ಪಾಠ ಹೇಳೋರು ನೀವು."

ಇಪ್ಪತ್ತೆಂಟು ವರ್ಷದಿಂದ ಅವಳಲ್ಲಿದ್ದ ಮಾತು ಅದು. ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಎಲ್ಲಿ ತಪ್ಪಿದೆವು ಎಂದು ನನ್ನ ಪಾಠದ ರೀತಿಯಲ್ಲೇ ಯೋಚಿಸತೊಡಗಿದೆ. ಕೂಸಿನ ಹೊಟ್ಟೆ ತೀರಾ ಸಣ್ಣದು. ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್ ಎಂಬುದು ವೈದ್ಯರ ಲೆಕ್ಕ. ಎಂಟು ಕಿಲೋ ಕೂಸಿಗೆ 240 ಮಿಲಿಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಲೋಟ. ನಾವು ಬೆಳಿಗ್ಗೆ ಗಡದ್ದಾಗಿ ತಿಂದು ಮಧ್ಯಾಹ್ನದವರೆಗೆ ಕಾಯಬಲ್ಲೆವು, ಅದು ಎರಡು ಮೂರು ಗಂಟೆಗೊಮ್ಮೆ ತುಂಬಿಸಿಕೊಳ್ಳಲೇಬೇಕು. ಹೋಟೆಲಿನ ಬಾಗಿಲಲ್ಲಿ ಕಳೆದ ಮುಕ್ಕಾಲು ಗಂಟೆ ನಮಗೆ ಬರೀ ಬೇಸರ, ಅದಕ್ಕೆ ಹಸಿವು. ಇನ್ನು ಚರ್ಮ. ಕೂಸಿನ ಚರ್ಮ ನಮ್ಮದಕ್ಕಿಂತ ತೆಳು. ನಾವು ಊದಿಕೊಂಡು ಕುಡಿಯುವ ಕಾಫಿ, ಸಾಂಬಾರು ಅದರ ಮೈಮೇಲೆ ಬಿದ್ದರೆ ಬೇಗ ಸುಡುತ್ತದೆ, ಆಳವಾಗಿಯೂ ಸುಡುತ್ತದೆ. ಅಂದಮೇಲೆ ಕೂಸಿನೊಂದಿಗೆ ಹೊರಗೆ ಊಟಕ್ಕೆ ಹೋಗುವವರು ಟೇಬಲ್ಲಿಗಿಂತ ಮೊದಲು ಗೊತ್ತುಮಾಡಬೇಕಾದ್ದು ಸಮಯ ಮತ್ತು ಜಾಗ: ಜನ ಸೇರುವ ಮುಂಚಿನ ಹೊತ್ತು, ಕೂಸು ಒಂದು ನಿದ್ದೆ ಮುಗಿಸಿ ಎದ್ದ ಹೊತ್ತು; ಗೋಡೆಯ ಪಕ್ಕದ ಮೂಲೆ, ಅಡುಗೆಮನೆಯ ದಾರಿಯಿಂದ ದೂರ.

ಊಟಕ್ಕೆ ಮೊದಲೇ ಹೆಸರು ಹಚ್ಚುವುದು ಕನ್ನಡನಾಡಿಗೆ ಹೊಸದೇನಲ್ಲ. 1924ರಲ್ಲಿ ಆರಂಭವಾದ ಬೆಂಗಳೂರಿನ ಎಂ.ಟಿ.ಆರ್. ಹೋಟೆಲನ್ನು ಬಲ್ಲವರಿಗೆ ಲಾಲ್‌ಬಾಗ್ ರಸ್ತೆಯ ಆ ಕಟ್ಟಡದಲ್ಲಿ ಹೆಸರು ಬರೆಸಿ, ಕೂಗುವವರೆಗೆ ಕಾಯುವುದೂ ಗೊತ್ತು. ಒಮ್ಮೆ ಅಲ್ಲಿ ಕಾದು ಉಂಡಿದ್ದೇನೆ. ಹೆಸರು ಬರೆಸಿದವನಿಗೆ ಒಂದು ನೆಮ್ಮದಿ ಇರುತ್ತದೆ: ಯಾರ ಬೆನ್ನ ಹಿಂದೆಯೂ ನಿಲ್ಲಬೇಕಾಗಿಲ್ಲ, ಉಣ್ಣುವವನ ತುತ್ತು ಎಣಿಸಬೇಕಾಗಿಲ್ಲ. ಈಗ ದೊಡ್ಡ ಊರುಗಳಲ್ಲಿ ಮೊಬೈಲಿನಲ್ಲೇ ಟೇಬಲ್ ಕಾದಿರಿಸುತ್ತಾರೆ. ಕೂಸುಗಳಿಗೆಂದು ಎತ್ತರದ ಕುರ್ಚಿ ಇಟ್ಟ ಹೋಟೆಲುಗಳೂ ಇವೆ. ಆದರೆ ಕೂಸೂ ಇದೆ ಎಂದು ಮೊದಲೇ ಬಾಯಿಬಿಟ್ಟು ಹೇಳದಿದ್ದರೆ ಆ ಕುರ್ಚಿ ಇನ್ನಾರದೋ ಪಾಲಾಗುತ್ತದೆ. ನಾವು ಹೇಳುವುದಿಲ್ಲ. "ಎಷ್ಟು ಜನ?" ಎಂದರೆ ದೊಡ್ಡವರನ್ನಷ್ಟೇ ಎಣಿಸುತ್ತೇವೆ. ಮಡಿಲಲ್ಲಿರುವುದು ಲೆಕ್ಕಕ್ಕಿಲ್ಲ. ಅದನ್ನು ಹಿಡಿದುಕೊಂಡವಳ ಎರಡು ಕೈಯೂ ಲೆಕ್ಕಕ್ಕಿಲ್ಲ.

ಕವಲಂದೆಗೆ ಮಗಳನ್ನು ಒಪ್ಪಿಸಲು ಎರಡು ವಾರ ಹಿಡಿಯಿತು. "ಅಲ್ಲಿ ಭಾಯಿ ಬಿರಿಯಾನಿ ಮಾಡ್ತಾರಲ್ಲ, ನೀನು ಸ್ಕೂಲಿಗೆ ಹೋಗುವಾಗ ತರ್ತಿದ್ದೆನಲ್ಲ" ಎಂದ ಮೇಲೆ ಸ್ವಲ್ಪ ಮೆತ್ತಗಾದಳು. ಬೆಳಗಿನ ರೈಲು ಹಿಡಿದೆವು.

ಈ ರೈಲುದಾರಿಗೂ ಒಂದು ಚರಿತ್ರೆಯಿದೆ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಮುಂದಕ್ಕೆ ಚಾಮರಾಜನಗರ ಮುಟ್ಟಲು ಅದಕ್ಕೆ ಇನ್ನೂ ಮೂರು ದಶಕಗಳ ಮೇಲೆ ಬೇಕಾಯಿತು. ಈಗ ಒಟ್ಟು 61 ಕಿಲೋಮೀಟರ್ ಬ್ರಾಡ್‌ಗೇಜ್ ಹಳಿ. ನಂಜನಗೂಡು ಬಿಟ್ಟರೆ ಚಿನ್ನದಗುಡಿಹುಂಡಿ, ನರಸಾಂಬುಧಿ, ಆಮೇಲೆ ಕವಲಂದೆ. ಹೆಸರು ಓದುವಷ್ಟರಲ್ಲಿ ಸ್ಟೇಷನ್ನು ಹಿಂದೆ ಸರಿದಿರುತ್ತದೆ. ಕಿಟಕಿಯಾಚೆ ಹೊಲ, ತೆಂಗು, ಅಲ್ಲೊಂದು ಇಲ್ಲೊಂದು ಕುರಿಮಂದೆ. ಕೂಸು ಹಳಿಯ ತಾಳಕ್ಕೆ ನಿದ್ದೆಹೋಯಿತು. ನನ್ನ ಲೆಕ್ಕದ ಮೊದಲ ಭಾಗ ಸರಿಹೋಯಿತು ಎಂದುಕೊಂಡೆ.

ಹೊರಗಿನವರು ಕವಲಂದೆ ಎಂದು ಒಂದೇ ಹೆಸರು ಹೇಳಿದರೂ ಇಲ್ಲಿ ದೊಡ್ಡಕವಲಂದೆ, ಚಿಕ್ಕಕವಲಂದೆ ಎಂದು ಎರಡಿವೆ. ದೊಡ್ಡಕವಲಂದೆ ನಂಜನಗೂಡು ತಾಲ್ಲೂಕಿನ ಹೋಬಳಿ ಕೇಂದ್ರ. ಬೀದಿಯಲ್ಲಿ ಕನ್ನಡದಷ್ಟೇ ಉರ್ದುವೂ ಕಿವಿಗೆ ಬೀಳುತ್ತದೆ. ನನ್ನ ತರಗತಿಯಲ್ಲೂ ಮಕ್ಕಳು ಪ್ರಶ್ನೆ ಕೇಳುತ್ತಿದ್ದದ್ದು ಕನ್ನಡದಲ್ಲಿ, ಉತ್ತರ ಪಿಸುಗುಟ್ಟುತ್ತಿದ್ದದ್ದು ಉರ್ದುವಿನಲ್ಲಿ. ನೋಡಲೇಬೇಕಾದ ದೇವಸ್ಥಾನ, ಜಲಪಾತ ಎಂದು ಪಟ್ಟಿ ಮಾಡುವವರಿಗೆ ಇಲ್ಲಿ ಕೆಲಸವಿಲ್ಲ. ಅವರಿಗೆ ಒಂದು ಕಡೆ ನಂಜನಗೂಡಿದೆ, ಇನ್ನೊಂದು ಕಡೆ ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರವಿದೆ. ಕವಲಂದೆಗೆ ಜನ ಬರುವುದು ಕೆಲಸಕ್ಕೆ, ಇಲ್ಲವೇ ಬಳಗಕ್ಕೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹೋಟೆಲು ತಲಪಿದೆವು. ಗೋಡೆಯ ಪಕ್ಕದ ಟೇಬಲ್ಲಿನ ಮೇಲೆ ಒಂದು ಟವಲು ಹಾಸಿತ್ತು, ಅದರ ಮೇಲೆ ಬೋರಲು ಹಾಕಿದ ನಾಲ್ಕು ಲೋಟ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ 'ಮೇಷ್ಟ್ರು 3, ಕೂಸು 1' ಎಂದು ಬರೆದಿತ್ತು. ಮನೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿಯೊಂದಕ್ಕೆ ಎರಡು ದಿಂಬು ಒತ್ತಿಟ್ಟು, ಕೂಸು ಜಾರದಂತೆ ಅಡ್ಡಕ್ಕೆ ಒಂದು ದುಪಟ್ಟಾ ಕಟ್ಟಿದ್ದರು.

"ಕೂಸಿಗೆ ಸೀಟು ಬ್ಯಾಡ್ವಾ ಮೇಷ್ಟ್ರೇ?" ಎಂದರು ಭಾಯ್.

ಮಗಳು ಆ ಕುರ್ಚಿಯನ್ನು ನೋಡುತ್ತಾ ನಿಂತಳು. ಭಾಯಿಯ ಹೆಂಡತಿ ಒಳಗಿನಿಂದ ಬಂದು, "ಬಾಮ್ಮ, ಮೊದಲು ಹಾಲು ಕೊಡೋದಿದ್ರೆ ಒಳಗೆ ಕೂತ್ಕೋ, ಯಾರೂ ಬರಲ್ಲ" ಎಂದು ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅವರು ಕೊಟ್ಟ ಬಿಸಿನೀರಿನಲ್ಲಿ ನನ್ನ ಹೆಂಡತಿ ರಾಗಿ ಸರಿ ಕಾಸಿಕೊಂಡಳು. ನಮ್ಮ ಅಜ್ಜಿಯಂದಿರು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಪುಡಿ ಮಾಡಿ ಕೂಸಿಗೆ ಕೊಟ್ಟದ್ದರ ಹಿಂದೆ ದೊಡ್ಡ ವಿಜ್ಞಾನವೇ ಇದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಿಟ್ಟು ಹೆಚ್ಚು ಹಾಕಿದರೂ ಸರಿ ಗಟ್ಟಿಯಾಗುವುದಿಲ್ಲ. ಹಾಗಾಗಿ ಪುಟ್ಟ ಹೊಟ್ಟೆಗೆ ಕಡಿಮೆ ಗುಟುಕಿನಲ್ಲಿ ಹೆಚ್ಚು ಶಕ್ತಿ ಸಿಗುತ್ತದೆ.

ಎಲ್ಲವೂ ಲೆಕ್ಕದಂತೆ ನಡೆಯಿತು ಎಂದರೆ ಸುಳ್ಳಾದೀತು. ಬಿರಿಯಾನಿ ತಟ್ಟೆಗೆ ಬೀಳುವ ಹೊತ್ತಿಗೆ ಸರಿಯಾಗಿ ಕೂಸು ಅಳು ಶುರುಮಾಡಿತು. ಹೊಟ್ಟೆ ತುಂಬಿತ್ತು, ಬಟ್ಟೆ ಒಣಗಿತ್ತು, ಕಾರಣ ಅದಕ್ಕೇ ಗೊತ್ತು. ಮಗಳು ತಟ್ಟೆ ಸರಿಸಿ ಏಳಲು ಹೊರಟಳು. ಅವಳ ಮುಖದಲ್ಲಿ ಮೈಸೂರಿನ ಆ ಮಧ್ಯಾಹ್ನ ಕಂಡಿತು. ಎದುರು ಬೆಂಚಿನಲ್ಲಿ ಮುದ್ದೆ ಮುರಿಯುತ್ತಿದ್ದ ಹಿರಿಯರೊಬ್ಬರು, "ಕೂತ್ಕಳವ್ವ, ಕೂಸು ಅಳದೆ ನಾವು ಅಳಕಾಯ್ತದಾ?" ಎಂದು ತಮ್ಮ ಪಾಡಿಗೆ ಮುದ್ದೆ ನುಂಗಿದರು.

ನಾನು ಕೂಸನ್ನು ಎತ್ತಿಕೊಂಡೆ. "ಅಪ್ಪ, ನಿಮ್ಮ ಊಟ ಆರಿಹೋಗುತ್ತೆ" ಎಂದಳು ಮಗಳು. "ಆರಲಿ" ಎಂದೆ.

ಹೊರಗೆ ಬೇವಿನ ಮರದ ನೆರಳಿತ್ತು. ಬಸ್ಸು, ಲಾರಿ, ಮೇಕೆ, ಸೈಕಲ್ಲು ಎಲ್ಲವನ್ನೂ ಒಂದೊಂದಾಗಿ ತೋರಿಸಿದೆ. ಮೇಕೆಗೆ ಅಳು ನಿಂತಿತು. ಬಾಗಿಲಿನೊಳಗೆ ನೋಡಿದರೆ ಮಗಳು ಎರಡೂ ಮೊಣಕೈ ಟೇಬಲ್ಲಿನ ಮೇಲಿಟ್ಟು, ಆವಿಯೇಳುವ ಅನ್ನವನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ತಿನ್ನುತ್ತಿದ್ದಳು. ಹತ್ತು ತಿಂಗಳಲ್ಲಿ ಅವಳು ಬಿಸಿಯಾಗಿ ಉಂಡದ್ದನ್ನು ನಾನು ನೋಡಿರಲಿಲ್ಲ, ಅಥವಾ ನೋಡುವ ಗೋಜಿಗೆ ಹೋಗಿರಲಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿಯೂ ಉಣ್ಣುತ್ತಿದ್ದಳು. ನಡುವೆ ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದಳು, ಏನೂ ಹೇಳಲಿಲ್ಲ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.

ನಾನು ಉಂಡದ್ದು ಕೊನೆಗೆ, ಆರಿದ ಮುದ್ದೆ. ಹೊರಡುವಾಗ ದುಡ್ಡು ಕೊಡಲು ಹೋದರೆ ಭಾಯ್ ಮೂರೇ ಊಟದ ಲೆಕ್ಕ ಹಾಕಿದರು. "ಮುಂದಿನ ಸಲ ಯಾವತ್ತು ಬರ್ತೀರಿ? ಬರೆದಿಟ್ಕೋತೀನಿ" ಎಂದು ಪೆನ್ಸಿಲು ಹಿಡಿದು ಕ್ಯಾಲೆಂಡರಿನ ಕಡೆ ತಿರುಗಿದರು.

ನಾನು ಬಾಯಿ ತೆರೆಯುವ ಮೊದಲೇ ಮಗಳು, "ಬರೋ ತಿಂಗಳ ಎರಡನೇ ಭಾನುವಾರ. ಇದೇ ಟೈಮು" ಎಂದಳು.