ನನ್ನ ರಾಜಕೀಯಾಭಿಪ್ರಾಯಗಳು

ರಾಜಕೀಯಾಭಿಪ್ರಾಯಗಳಿಗೆ ನನ್ನಲ್ಲಿ ಎಂದೂ ಬರಗಾಲವಿದ್ದುದಿಲ್ಲ. ಸಾಯಂಕಾಲ ಮಿತ್ರರೊಬ್ಬರ ಜಗಲಿಯಲ್ಲಿ ನಾವು ನಾಲ್ಕಾರು ಮಂದಿ ಸೇರುವುದುಂಟು. ದಿಲ್ಲಿಯ ಮಂತ್ರಿಮಂಡಲದಲ್ಲಿ ಯಾರಿರಬೇಕು, ಯಾರಿರಬಾರದು, ಬೆಂಗಳೂರಿನ ಸರ್ಕಾರವು ಎಲ್ಲಿ ತಪ್ಪಿತು ಎಂಬುವೆಲ್ಲವೂ ಒಂದು ಲೋಟ ಕಾಫಿ ಆರುವುದರೊಳಗಾಗಿ ಅಲ್ಲಿ ಇತ್ಯರ್ಥವಾಗುತ್ತವೆ. ಇಷ್ಟು ತೀರ್ಪುಗಳನ್ನಿತ್ತರೂ ನಾಡಿನ ಆಡಳಿತವು ಸುಧಾರಿಸದಿರುವುದಕ್ಕೆ ವ್ಯಸನಪಟ್ಟು ನಾವು ನಮ್ಮ ನಮ್ಮ ಮನೆಗಳಿಗೆ ತೆರಳುತ್ತೇವೆ.

ನನ್ನ ಈ ಪಾಂಡಿತ್ಯಕ್ಕೆ ಭಂಗ ಬಂದುದು 2024ರ ಬೇಸಿಗೆಯಲ್ಲಿ, ಲೋಕಸಭೆಯ ಚುನಾವಣೆಯ ಕಾವು ಏರಿದ್ದಾಗ. ನಮ್ಮ ಮನೆಯಲ್ಲಿದ್ದು ಓದುತ್ತಿದ್ದ ನನ್ನ ತಂಗಿಯ ಮಗಳು, ರಜೆಗೆಂದು ಶಾಲೆಯಲ್ಲಿ ಕೊಟ್ಟಿದ್ದ ಅಭ್ಯಾಸವನ್ನು ಹಿಡಿದು ಬಳಿಗೆ ಬಂದಳು. ನಮ್ಮ ಊರನ್ನು ಪ್ರತಿನಿಧಿಸುವವರ ಹೆಸರುಗಳನ್ನು ಐದು ಸಾಲುಗಳಲ್ಲಿ ಬರೆಯಬೇಕಾಗಿತ್ತು. ಲೋಕಸಭೆ, ವಿಧಾನಸಭೆಗಳ ಹೆಸರುಗಳನ್ನು ನಾನು ತಡೆಯಿಲ್ಲದೆ ಹೇಳಿದೆನು. ಗ್ರಾಮ ಪಂಚಾಯಿತಿಯ ಸದಸ್ಯೆಯ ಹೆಸರು ಅಡುಗೆಮನೆಯಿಂದ ಬಂದಿತು. ನಲ್ಲಿಯಲ್ಲಿ ನೀರು ಬಾರದ ದಿನ ಆಕೆಯ ಮನೆಗೆ ಹೋಗಿ ಕೇಳಿಬರುವುದು ನಮ್ಮ ಮನೆಯಾಕೆಯ ಪಾಲಿನ ಕೆಲಸ.

"ಜಿಲ್ಲಾ ಪಂಚಾಯಿತಿಗೆ ಯಾರು, ಮಾವ? ತಾಲ್ಲೂಕು ಪಂಚಾಯಿತಿಗೆ?"

ನಾನು ಯೋಚಿಸಿ ಒಂದು ಹೆಸರನ್ನು ಹೇಳಿದೆನು. "ರೀ, ಅವರ ಅವಧಿ ಮುಗಿದು ಮೂರು ವರ್ಷವಾಯಿತಲ್ಲ! ಆಮೇಲೆ ಚುನಾವಣೆ ನಡೆದದ್ದೆಲ್ಲಿ?" ಎಂದಿತು ಅಡುಗೆಮನೆ.

"ಹಾಗಾದರೆ ಇಲ್ಲಿ ಏನು ಬರೆಯಲಿ, ಮಾವ?" ಎಂದು ಹುಡುಗಿಯು ನನ್ನ ಮುಖವನ್ನು ನೋಡಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಯಾಕೆಯ ಮಾತು ದಿಟವಾಗಿತ್ತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾಯಿತರಾದವರ ಅವಧಿಯು 2021ರಲ್ಲಿಯೇ ಮುಗಿದಿತ್ತು. ಪಂಚಾಯಿತಿಗಳಿಗೆ ಐದು ವರ್ಷಗಳ ಅವಧಿಯೆಂದೂ, ಅದು ತೀರುವುದಕ್ಕೆ ಮೊದಲೇ ಹೊಸ ಚುನಾವಣೆಯನ್ನು ಪೂರೈಸತಕ್ಕದ್ದೆಂದೂ 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯಿಂದ ಸಂವಿಧಾನವೇ ವಿಧಿಸಿದೆ. ಆದರೆ ಮೊದಲು ಸಾಂಕ್ರಾಮಿಕದ ಕಾರಣ ಬಂದಿತು. ಅನಂತರ ಕ್ಷೇತ್ರಗಳ ವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯಾಜ್ಯ. ಒಂದೊಂದೂ ಕಾರಣವೇ ಹೌದು. 2023ರಲ್ಲಿ ರಾಜ್ಯವನ್ನಾಳುವ ಪಕ್ಷವು ಬದಲಾಯಿತು. ಬರಿದಾದ ಕುರ್ಚಿಗಳು ಬರಿದಾಗಿಯೇ ಉಳಿದವು.

ಅಧಿಕಾರಿಗಳು ಕೆಲಸವನ್ನು ನಡೆಯಿಸಿದರು, ನಷ್ಟವೇನಾಯಿತೆಂದು ಕೇಳುವವರುಂಟು. ಅಧಿಕಾರಿಗಳನ್ನು ದೂರುವುದು ನನ್ನ ಉದ್ದೇಶವಲ್ಲ; ಅವರಲ್ಲಿ ದಕ್ಷರೂ ಪ್ರಾಮಾಣಿಕರೂ ಇದ್ದಾರೆ. ಆದರೆ ಅಧಿಕಾರಿಯು ಉತ್ತರ ಹೇಳಬೇಕಾದದ್ದು ತನ್ನ ಮೇಲಿನವರಿಗೆ. ಸದಸ್ಯನು ಉತ್ತರ ಹೇಳಬೇಕಾದದ್ದು ತನ್ನ ಊರಿನವರಿಗೆ. ಶಾಲೆಯ ಸೂರು, ಆರೋಗ್ಯ ಕೇಂದ್ರದ ಔಷಧ, ಕುಡಿಯುವ ನೀರು ಇವುಗಳ ವಿಷಯವಾಗಿ ತುಂಬಿದ ಸಭೆಯಲ್ಲಿ ಎದ್ದುನಿಂತು ಪ್ರಶ್ನಿಸುವ ಹಕ್ಕುಳ್ಳ ಒಬ್ಬನಾದರೂ ಇಲ್ಲವಾದುದೇ ನಷ್ಟ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿದಾಗ, ಅದರ ಸದಸ್ಯರನ್ನು ಜನರು ಆರಿಸಿರಲಿಲ್ಲ. ಶಾಸನ ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ಆದಾಗ್ಯೂ ತಮ್ಮ ಸೀಮೆಯ ಕುಂದುಕೊರತೆಗಳನ್ನು ದಿವಾನರ ಎದುರಿಗೆ ಹೇಳುವ ಬಾಯಿ ಅವರಿಗಿತ್ತು. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ, 1983ರ ಕಾನೂನಿನ ಮೇರೆಗೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿಸಿ ದೇಶಕ್ಕೆ ಮೇಲ್ಪಂಕ್ತಿಯಾದ ನಾಡಿನಲ್ಲಿ ಆ ಬಾಯಿಯೂ ಕಟ್ಟಿತೆಂದರೆ ಏನೆನ್ನೋಣ!

ನನ್ನನ್ನು ಹೆಚ್ಚಾಗಿ ನಾಚಿಸಿದ ಸಂಗತಿ ಬೇರೊಂದುಂಟು. 1976ರಲ್ಲಿ ನಡೆಯಬೇಕಾಗಿದ್ದ ಲೋಕಸಭೆಯ ಚುನಾವಣೆಯು ತುರ್ತು ಪರಿಸ್ಥಿತಿಯ ದೆಸೆಯಿಂದ 1977ಕ್ಕೆ ಹೋಯಿತು. ಆ ಒಂದು ವರ್ಷದ ವಿಳಂಬವನ್ನು ಖಂಡಿಸಿ ಜಗಲಿಯಲ್ಲಿ ನಾನು ಎಷ್ಟು ಸಲ ಉಪನ್ಯಾಸ ಮಾಡಿರುವೆನೋ ಲೆಕ್ಕವಿಲ್ಲ. ನನ್ನ ಸ್ವಂತ ಜಿಲ್ಲೆಯಲ್ಲಿ ಮೂರು ವರ್ಷಗಳು ಹಾಗೆಯೇ ಸರಿದುಹೋದುದು ನನ್ನ ಅರಿವಿಗೇ ಬಂದಿರಲಿಲ್ಲ! ಹಿತ್ತಲ ಗಿಡ ಮದ್ದಲ್ಲವೆಂಬುದು ಗಾದೆ. ಗಿಡವು ಒಣಗಿದ್ದನ್ನೂ ಕಾಣದವನು ನಾನು.

ಅಂದಿನ ಸಾಯಂಕಾಲ ಜಗಲಿಯಲ್ಲಿ ಹುಡುಗಿಯ ಪ್ರಶ್ನೆಯನ್ನೇ ಮುಂದಿಟ್ಟೆನು. ಮಿತ್ರರು ಒಂದು ಗಳಿಗೆ ಸುಮ್ಮನಿದ್ದರು. ಬಳಿಕ ಒಬ್ಬರು, "ಅದಿರಲಿ, ಈ ಸಲ ದಿಲ್ಲಿಯಲ್ಲಿ ಯಾರಿಗೆ ಬಹುಮತ ಬರಬಹುದು?" ಎಂದರು. ಅವರ ಮೇಲೆ ಕೋಪಿಸಿಕೊಳ್ಳುವ ಅರ್ಹತೆಯು ನನಗಿರಲಿಲ್ಲ. ಹಿಂದಿನ ದಿನವಾಗಿದ್ದರೆ ಆ ಮಾತನ್ನು ನಾನೇ ಆಡುತ್ತಿದ್ದೆನು.

ದಿಲ್ಲಿಯ ವಿಷಯದಲ್ಲಿ ಅಭಿಪ್ರಾಯವೇ ಬೇಡವೆಂದು ನಾನು ಹೇಳುವುದಿಲ್ಲ. ಅಲ್ಲಿನ ತೀರ್ಮಾನಗಳ ಬಿಸಿ ನಮ್ಮ ಒಲೆಯವರೆಗೂ ಬರುತ್ತದೆ. ಆದರೆ ದೂರದ ವಿಷಯದಲ್ಲಿ ಅಭಿಪ್ರಾಯವಿಟ್ಟುಕೊಳ್ಳುವುದು ಸುಲಭ. ಅದಕ್ಕಾಗಿ ನಾವು ಏನನ್ನೂ ಮಾಡಬೇಕಾಗಿಲ್ಲ. ಹತ್ತಿರದ ವಿಷಯವಾದರೋ ಒಂದು ಅರ್ಜಿ ಬರೆಯಬೇಕಾಗುತ್ತದೆ, ಗ್ರಾಮಸಭೆಯಲ್ಲಿ ಕುಳಿತಿರಬೇಕಾಗುತ್ತದೆ, ಪರಿಚಿತರ ಮುಖವನ್ನು ನೋಡಿ ಇಲ್ಲವೆನ್ನಬೇಕಾಗುತ್ತದೆ. ಆ ಶ್ರಮಕ್ಕೆ ಅಂಜಿಯೇ ನಾನು ಇಷ್ಟು ವರ್ಷ ದಿಲ್ಲಿಯಲ್ಲಿ ವಾಸವಾಗಿದ್ದೆನೆಂದು ತೋರುತ್ತದೆ.

ಹುಡುಗಿಯು ಆ ಎರಡು ಸಾಲುಗಳನ್ನು ಬರಿದಾಗಿಯೇ ಬಿಟ್ಟು ಪುಸ್ತಕವನ್ನು ಒಪ್ಪಿಸಿದಳು. ಉಪಾಧ್ಯಾಯರು ಅದನ್ನು ತಪ್ಪೆಂದು ಗುರುತು ಮಾಡಲಿಲ್ಲವಂತೆ.