ಘಟ್ಟ ಹತ್ತಬೇಕೋ ಬೇಡವೋ

ವಾಸ್ಕೋದ ನಮ್ಮ ಓಣಿಯಲ್ಲಿ ಈಗ ಯಾರನ್ನು ಮಾತಾಡಿಸಿದರೂ ಬೆಳಗಾವಿಗೆ ಹೋಗಿ ನೆಲೆಸುವುದೇ ಸುದ್ದಿ. ಎಲ್ಲರೂ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಗೌಂಡಿ ಕೆಲಸಕ್ಕೋ ಬಂದರಿನ ಹಮಾಲಿಗೋ ಘಟ್ಟ ಇಳಿದು ಬಂದವರು. ಮರಳುವುದೇ ಆದರೆ ಹುನಗುಂದಕ್ಕೋ ರೋಣಕ್ಕೋ ಮರಳಬೇಕು. ಆ ಹೆಸರುಗಳನ್ನು ಯಾರೂ ಎತ್ತುವುದಿಲ್ಲ. ಎಲ್ಲರ ಕಣ್ಣೂ ಸಹ್ಯಾದ್ರಿಯ ಹೆಗಲ ಮೇಲೆ ಕೂತಿರುವ ಆ ಒಂದು ಊರಿನ ಮೇಲೆ. ಯಾಕೆ? ನನಗೆ ಪೂರ್ತಿ ತಿಳಿದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

*

ಎಲ್ಲರೂ ಮೊದಲು ಹೇಳುವುದು ಹವೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಬಡವರ ಮಹಾಬಳೇಶ್ವರ ಎಂಬ ಹೆಸರೂ ಅದಕ್ಕುಂಟು. ಏಪ್ರಿಲ್ ಮಧ್ಯಾಹ್ನ ಅಲ್ಲಿ ಬಿಸಿಲು ವಾಸ್ಕೋಗಿಂತ ಜೋರು, 35 ಡಿಗ್ರಿ ದಾಟುವುದು ಹೊಸದಲ್ಲ. ಆದರೆ ಬೆವರು ಆರುತ್ತದೆ, ರಾತ್ರಿ ಚಾದರ ಬೇಕಾಗುತ್ತದೆ. ಇಲ್ಲಿ ನಡುರಾತ್ರಿಯಲ್ಲೂ ಬನಿಯನ್ ಮೈಗೆ ಅಂಟಿಕೊಂಡೇ ಇರುತ್ತದೆ. ಮೇಲಾಗಿ ಬಂದರಿನ ಕಲ್ಲಿದ್ದಲ ಪುಡಿ: ಬೆಳಿಗ್ಗೆ ಕಿಟಕಿಯ ಪಟ್ಟಿಯ ಮೇಲೆ ಬೆರಳೆಳೆದರೆ ಗೆರೆ ಮೂಡುತ್ತದೆ. ಆ ಕಲ್ಲಿದ್ದಲೂ ಘಟ್ಟ ಹತ್ತಿ ಕರ್ನಾಟಕದ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ, ಕುಳೇಯಿಂದ ಕ್ಯಾಸಲ್‌ರಾಕ್‌ವರೆಗೆ 37 ಅಡಿಗೆ ಒಂದಡಿ ಏರುವ ಹಳಿಯ ಮೇಲೆ, ಹಿಂದಿನಿಂದ ಇನ್ನಷ್ಟು ಎಂಜಿನ್ ದೂಡಿಸಿಕೊಂಡು.

ಪಕ್ಕದ ಮನೆಯ ಗೌಂಡಿ ಮಾವನಿಗೆ ಇದನ್ನೆಲ್ಲ ಹೇಳಿದೆ. “ಹವಾ ಚಲೋ ಐತಿ, ಖರೆ. ಬಾಡಿಗಿನೂ ಇಳೀತೈತಿ. ಅದರ ಜೋಡಿ ಪಗಾರೂ ಇಳೀತೈತಲ್ರಿ,” ಎಂದರು.

*

ತರಕಾರಿಯ ಲೆಕ್ಕ ನನಗೆ ಬಗೆಹರಿಯುತ್ತಿಲ್ಲ. ಗೋವಾ ತಿನ್ನುವ ಕೋಸು, ಟೊಮೆಟೊ, ಬೀನ್ಸ್ ಬಹುಪಾಲು ಬರುವುದು ಬೆಳಗಾವಿಯಿಂದ. ಗೋವಾದ ತೋಟಗಾರಿಕೆ ನಿಗಮ ಅಲ್ಲಿಂದ ಖರೀದಿಸಿ, ಸರ್ಕಾರದ ಸಹಾಯಧನ ಸೇರಿಸಿ, ತನ್ನ ಗೂಡಂಗಡಿಗಳಲ್ಲಿ ಅಗ್ಗಕ್ಕೆ ಮಾರುತ್ತದೆ. ಹಾಗಿದ್ದರೆ ತರಕಾರಿ ಬೆಳೆಯುವ ಊರಿಗೆ ಹೋಗಿ ಉಳಿಸುವುದೇನು? ಮೀನಿನದು ಇದರ ಉಲ್ಟಾ. ಅದು ಇಲ್ಲಿಂದ ಮೇಲೆ ಹೋಗುತ್ತದೆ, ಐಸಿನ ಖರ್ಚು ಮೈಮೇಲೆ ಹೊತ್ತುಕೊಂಡು. ಮೂವತ್ತು ವರ್ಷ ಬಾಂಗಡೆ ತಿಂದ ನಾಲಿಗೆ ಅಲ್ಲಿ ಹೋಗಿ ಕೊರಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ಚೋರ್ಲಾ ಘಾಟಿನಲ್ಲಿ ಶನಿವಾರ ನಿಂತು ನೋಡಬೇಕು. ಬೆಳಗಾವಿಯ ಕೆಎ 22ರ ಕಾರುಗಳು ಸಮುದ್ರ ನೋಡಲು ಇಳಿಯುತ್ತವೆ. ಜಿಎ ನಂಬರಿನವು ಮದುವೆ ಜವಳಿಗೆ, ಬಂಗಾರಕ್ಕೆ, ಆಸ್ಪತ್ರೆಗೆ ಏರುತ್ತವೆ. ಎದುರಾಬದುರು ಸಿಕ್ಕಿ, ಕಣಕುಂಬಿಯ ತಿರುವಿನಲ್ಲಿ ಒಬ್ಬರಿಗೊಬ್ಬರು ಹಾರ್ನ್ ಹೊಡೆಯುತ್ತಾರೆ. ತಮ್ಮೂರು ಸಾಲದು ಎಂದು ಎರಡೂ ಕಡೆಯವರಿಗೂ ಅನಿಸಿದ ಹಾಗಿದೆ.

*

ಈ ಏರುವ ಚಟ ಹೊಸದೇನಲ್ಲ. ಪೋರ್ಚುಗೀಸರ ಕಾಲದಲ್ಲಿ ಇಂಗ್ಲಿಷ್ ಕಲಿಯಬೇಕೆಂಬ ಗೋವಾದ ಹುಡುಗರು ಬೆಳಗಾವಿಗೆ ಹೋಗುತ್ತಿದ್ದರು. 1856ರಲ್ಲಿ ಶುರುವಾದ ಅಲ್ಲಿಯ ಸೇಂಟ್ ಪಾಲ್ಸ್ ಹೈಸ್ಕೂಲಿನಲ್ಲಿ ಅಂಥವರು ಎಷ್ಟೋ ಮಂದಿ. ಕ್ಯಾಂಪ್ ಪ್ರದೇಶದಲ್ಲಿ ಗೋವಾದ ಕ್ರೈಸ್ತ ಮನೆತನಗಳು ಬೇರೂರಿದವು. ಆಗ ಕ್ಯಾಸಲ್‌ರಾಕ್ ಎಂದರೆ ಬೇರೆ ದೇಶದ ಗಡಿ, ರೈಲು ಅಲ್ಲಿ ನಿಂತು ಕಸ್ಟಮ್ಸ್‌ನವರು ಪೆಟ್ಟಿಗೆ ಬಿಚ್ಚಿಸುತ್ತಿದ್ದರು. 1961ರ ಡಿಸೆಂಬರ್‌ನಲ್ಲಿ ಆ ಗಡಿ ಹೋಯಿತು. ಕಾಗದದ ಗಡಿ ಉಳಿದಿದೆ. ಅದರ ಸಂಗತಿ ಮುಂದೆ.

*

ಗೌಂಡಿ ಮಾವನ ಹೆಂಡತಿಯನ್ನು ಇಡೀ ಓಣಿಯೇ ಅಕ್ಕಾ ಎನ್ನುತ್ತದೆ. ಆಕೆಯ ಲೆಕ್ಕ ಎಲ್ಲರದಕ್ಕಿಂತ ಚೊಕ್ಕ. ಗೋವಾದ ಗೃಹ ಆಧಾರ ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ, ಅದಕ್ಕೆ ಇಲ್ಲಿ 15 ವರ್ಷ ಇದ್ದಿರಬೇಕು. ಕರ್ನಾಟಕದ ಗೃಹಲಕ್ಷ್ಮಿಯಲ್ಲಿ 2,000, ಮೇಲೆ ಬಸ್ಸು ಪುಕ್ಕಟೆ. ಐದುನೂರು ಲಾಭ. “ಆದ್ರ ರೇಷನ್ ಕಾರ್ಡಿನ್ಯಾಗ ಯಜಮಾನಿ ನಮ್ಮತ್ತಿ. ನಾ ಬೆಳಗಾವಿಗೆ ಹೋದ್ರೂ ರೊಕ್ಕ ಊರಾಗ ಅಕಿ ಖಾತೆಕ್ಕ ಬೀಳ್ತೈತಿ,” ಎಂದು ಅಕ್ಕ ನಕ್ಕಳು. ಬೇರೆ ಕಾರ್ಡ್ ಮಾಡಿಸಬೇಕು, ಅದಕ್ಕೆ ಬೆಳಗಾವಿಯ ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು.

ಆಸ್ಪತ್ರೆಯದೂ ಹಾಗೇ. ಗೋವಾದ ಸ್ವಾಸ್ಥ್ಯ ಸೇವಾ ಕಾರ್ಡಿಗೆ ಐದು ವರ್ಷದ ವಾಸ ಸಾಕು, ಇವರ ಹತ್ತಿರ ಅದಿದೆ. ಬಿಟ್ಟು ಹೋದರೆ ಅಲ್ಲಿ ಮೊದಲಿನಿಂದ ಶುರು.

ಮಗಳದು ಇನ್ನೂ ಗಟ್ಟಿ ಪ್ರಶ್ನೆ. ಹುಟ್ಟಿದ್ದು ಇಲ್ಲೇ, ಈಗ ಒಂಬತ್ತನೇ ಇಯತ್ತೆ. ಗೋವಾದಲ್ಲಿ ಸರ್ಕಾರಿ ನೌಕರಿಗೆ 15 ವರ್ಷ ವಾಸದ ದಾಖಲೆ ಬೇಕು, ಕೊಂಕಣಿ ಬರಬೇಕು. ಅವಳಿಗೆ ಕೊಂಕಣಿ ಅಮ್ಮನ ಕನ್ನಡದಷ್ಟೇ ಸಲೀಸು. ಈ ಎರಡನ್ನೂ ಕೈಯಲ್ಲಿ ಹಿಡಿದ ಹುಡುಗಿಯನ್ನು, ಅವೆರಡಕ್ಕೂ ಬೆಲೆಯಿಲ್ಲದ ಊರಿಗೆ ಕರೆದೊಯ್ಯಬೇಕೆ?

“ಕನ್ನಡ ಕಲೀತಾಳ,” ಎನ್ನುತ್ತಾರೆ ಮಾವ. ಕಲಿಯಬಹುದು. ಆದರೆ ಭಾಷೆಯ ಜಗಳ ಅಲ್ಲೂ ಇದೆ: ಬೆಳಗಾವಿಯಲ್ಲಿ ನವೆಂಬರ್ 1ಕ್ಕೆ ಒಂದು ಬೀದಿಯಲ್ಲಿ ರಾಜ್ಯೋತ್ಸವದ ಭಾರೀ ಮೆರವಣಿಗೆ, ಅದೇ ದಿನ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕರಾಳ ದಿನ. ಇಲ್ಲಿ ಹೊರಗಿನವರು ಅನಿಸಿಕೊಂಡು ಬೇಸತ್ತವರು ನೆಮ್ಮದಿಗೆಂದು ಆರಿಸಿಕೊಂಡಿರುವ ಊರಿದು! ಮಹದಾಯಿ ನದಿ ನೀರಿನ ಗದ್ದಲ ಎದ್ದಾಗಲೆಲ್ಲ ನಮ್ಮವರು ವಾಸ್ಕೋ ಪೇಟೆಯಲ್ಲಿ ಮೆಲ್ಲಗೆ ಮಾತಾಡುತ್ತಾರೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ, ಗೋವಾಕ್ಕೆ 24 ಎಂದು ಹಂಚಿತು. ಜಗಳ ಮಾತ್ರ ಹರಿದಿಲ್ಲ.

*

ಇಷ್ಟಾದರೂ ಹೋಗುತ್ತೇವೆ ಅನ್ನುವುದೇಕೆ? ಒಂದು ಸಂಜೆ ಮಾವ ತಾವಾಗಿ ವಾಸ್ಕೋದ ಬೈನಾದ ಮಾತು ತೆಗೆದರು. 2004ರಲ್ಲಿ ಆ ಕಡಲ ದಂಡೆಯಲ್ಲಿ ಬುಲ್‌ಡೋಜರ್ ನಡೆದಾಗ ಅವರು ಅಲ್ಲೇ ಬಾಡಿಗೆಗಿದ್ದರು. ನೀರಿಗೆ ಹತ್ತಿದ್ದ ಉಳಿದ ಮನೆಗಳು 2017ರಲ್ಲಿ ಹೋದವು. ಊರ ತುಂಬ ಮಂದಿಯ ಮನೆ ಕಟ್ಟಿಕೊಟ್ಟ ಕೈಗೆ ತನ್ನದೆಂಬ ಒಂದು ಗೋಡೆಯಿಲ್ಲ. ಗೋವಾದಲ್ಲಿ ಜಾಗ ಕೇಳುವ ಹಾಗೇ ಇಲ್ಲ, ದಿಲ್ಲಿ ಮುಂಬಯಿಯವರು ಬಂದು ದರ ಏರಿಸಿದ್ದಾರೆ. ಹುಟ್ಟೂರಿನಲ್ಲಿ ಜಾಗವಿದೆ, ಕೆಲಸವಿಲ್ಲ. ಬೆಳಗಾವಿ ಇವೆರಡರ ನಡುವಿನದು: ಉದ್ಯಮಬಾಗದ ಫೌಂಡ್ರಿಗಳಿವೆ, ಊರು ಬೆಳೆಯುತ್ತಿರುವುದರಿಂದ ಗೌಂಡಿ ಕೆಲಸವಿದೆ, ಹೊರವಲಯದಲ್ಲಿ ಎರಡು ಗುಂಟೆ ಇನ್ನೂ ಕೈಗೆಟುಕೀತು. ಹವೆಯ ಮಾತೆಲ್ಲ ನೆಪ, ಅವರಿಗೆ ಬೇಕಾದದ್ದು ತಮ್ಮ ಹೆಸರಿನ ಜಾಗದ ಉತಾರ. ಇದು ನನ್ನ ಊಹೆ, ಆದರೆ ತಪ್ಪಿರಲಾರದು.

*

ಮಾವ ಮನೆ ಜಾಗ ನೋಡಿ ಬಂದದ್ದು ಡಿಸೆಂಬರ್‌ನಲ್ಲಿ. ಬಿಸಿಲು ಹಿತ, ಕುಂದಾದ ಡಬ್ಬಿ ಕೈಯಲ್ಲಿ, ಯಾರಿಗಾದರೂ ಮನಸ್ಸು ಜಾರೀತು. ಗೋವಾದ ಮಳೆಯ ಅರ್ಧದಷ್ಟೂ ಅಲ್ಲಿಲ್ಲ, ನಿಜ. ಆದರೆ ಜುಲೈನ ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಬಳ್ಳಾರಿ ನಾಲೆ ತುಂಬಿದರೆ ವಡಗಾವಿ, ಶಹಾಪುರದ ಬತ್ತದ ಗದ್ದೆ ಕೆರೆಯಾಗುತ್ತದೆ. ಅದೇ ತಗ್ಗಿನ ಹೊಲಗಳನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರುವವರಿದ್ದಾರೆ.

ಹೋಗಬೇಡಿ ಎನ್ನುವ ಧೈರ್ಯ ನನಗಿಲ್ಲ, ಹೋಗಿ ಎನ್ನಲೂ ಬಾಯಿ ಬರುತ್ತಿಲ್ಲ. ಇಷ್ಟು ಮಾತ್ರ ಹೇಳಿದೆ, ಘಟ್ಟ ಹತ್ತುವ ಯೋಚನೆಯಲ್ಲಿರುವ ಬೇರೆಯವರಿಗೂ ಹೇಳುತ್ತೇನೆ: ಮಗಳ ಹತ್ತನೇ ಇಯತ್ತೆ ಇಲ್ಲೇ ಮುಗಿಯಲಿ. ಮಾರುವವನ ಬಾಯಿಮಾತು ನಂಬದೆ ಎನ್‌ಎ (ಕೃಷಿಯೇತರ) ಆದೇಶ ಕೇಳಿ, ಉತಾರದಲ್ಲಿ ಯಾರ ಹೆಸರಿದೆ ನೋಡಿ. ಜಾಗವನ್ನು ಇನ್ನೊಮ್ಮೆ ಜುಲೈನಲ್ಲಿ ಹೋಗಿ ನೋಡಿ, ಸಾಧ್ಯವಾದರೆ ಮಳೆ ಹುಯ್ಯುವಾಗಲೇ.