ಅಂಕಿತದವರೆಗೆ

ಪೇಟಿ, ಅಂದರೆ ಹಾರ್ಮೋನಿಯಂ, ಕಲಿಯುವವರಿಗೆ ಎರಡು ದಾರಿ. ಒಂದೇ ರಾಗ ಹಿಡಿದು ವರ್ಷಗಟ್ಟಲೆ ಅದರ ಆಳಕ್ಕೆ ಇಳಿಯುವುದು ಒಂದು. ಸಣ್ಣ ಸಣ್ಣ ಪದಗಳನ್ನು ಒಂದರ ಹಿಂದೊಂದು ಪೂರ್ತಿಯಾಗಿ ಬೆರಳಿಗೆ ತಂದುಕೊಳ್ಳುವುದು ಇನ್ನೊಂದು. ನಾನು ಎರಡನೆಯದಕ್ಕೆ ಮನಸೋತವನು. ಒಂದು ಶ್ರಾವಣದಿಂದ ಮುಂದಿನ ಶ್ರಾವಣದೊಳಗೆ ಎಷ್ಟು ಪದ ಕೂಡುತ್ತವೋ ಅಷ್ಟು ಕೂಡಿಸಬೇಕು. ಯಾವುದೂ ಎರಡು ಮೂರು ನಿಮಿಷ ಮೀರಬಾರದು. ಹಿಡಿದದ್ದನ್ನು ಮುಗಿಸದೆ ಬೇರೆಯದಕ್ಕೆ ಕೈ ಹಾಕಬಾರದು. ಇಷ್ಟೇ ನನ್ನ ವ್ರತ.

ಇಂಥ ವ್ರತಕ್ಕೆ ಮೋರಖಂಡಿಯಂಥ ಊರು ಸಿಕ್ಕಿದ್ದು ಭಾಗ್ಯ. ಒಂದು ಮಗ್ಗುಲಿಗೆ ಶರಣರ ಬಸವಕಲ್ಯಾಣ, ಇನ್ನೊಂದು ಮಗ್ಗುಲಿಗೆ ಹುಮನಾಬಾದಿನ ಮಾಣಿಕನಗರ. ಅಲ್ಲಿಂದ ವಚನ, ಇಲ್ಲಿಂದ ಮಾಣಿಕಪ್ರಭುಗಳ ಪದ. 1817ರಲ್ಲಿ ಲಾಡವಂತಿಯಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಪ್ರಭುಗಳು ಮರಾಠಿ, ಹಿಂದಿ, ಕನ್ನಡಗಳಲ್ಲಿ ಪದ ಕಟ್ಟಿದರು. ದತ್ತ ಜಯಂತಿಗೆ ಮಾಣಿಕನಗರದಲ್ಲಿ ಸಂಗೀತ ದರ್ಬಾರು ನಡೆಯುತ್ತದೆ. ಜೊತೆಗೆ ಊರೂರಿನ ಭಜನೆಯಲ್ಲಿ ಏಕತಾರಿಯೊಂದಿಗೆ ಏಳುವ ತತ್ವಪದಗಳಿವೆ. ಕಲಿಯಬೇಕೆನ್ನುವವನಿಗೆ ಇಲ್ಲಿ ಸಣ್ಣ ಪದಗಳ ಬರವಿಲ್ಲ.

ಪಿಯಾನೊ ಕಲಿಯುವವರಲ್ಲೂ ಈ ದಾರಿ ಹಳೆಯದು. ಪಾಶ್ಚಾತ್ಯ ಸಂಯೋಜಕ ಶೂಮನ್ 1848ರಲ್ಲಿ ಮಗಳು ಮರಿಯಳ ಹುಟ್ಟುಹಬ್ಬಕ್ಕೆಂದು ಬರೆಯತೊಡಗಿದ ಪುಟ್ಟ ರಚನೆಗಳು 43ರ ಒಂದು ಸಂಪುಟವಾದವು. ಬಾರ್ಟೋಕ್ ಎಳೆಯರ ಬೆರಳಿನಿಂದ ಶುರುಮಾಡಿ 153 ಕಿರು ರಚನೆಗಳ ಮೆಟ್ಟಿಲು ಕಟ್ಟಿದ. ನಮ್ಮ ಪೇಟಿಯ ಬಿಳಿ ಕರಿ ಪಟ್ಟಿಗಳೂ ಆ ವಂಶದವೇ. 1842ರಲ್ಲಿ ಪ್ಯಾರಿಸ್ಸಿನ ದೆಬೆನ್ ಪೇಟೆಂಟು ಪಡೆದ ಹಾರ್ಮೋನಿಯಮ್ಮನ್ನು ಕಾಲಿನಿಂದ ಒತ್ತಬೇಕಿತ್ತು; ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ಚಕ್ಕಳಮಕ್ಕಳ ಕೂತವರ ತೊಡೆಯ ಮುಂದಕ್ಕೆ ತಂದರು.

ಆದರೆ ಪಿಯಾನೊದಲ್ಲಿ ಎರಡೂ ಕೈ ನುಡಿಸುತ್ತವೆ. ಪೇಟಿಯಲ್ಲಿ ಬಲಗೈ ನುಡಿಸಿದರೆ ಎಡಗೈ ಉಸಿರಾಡುತ್ತದೆ. ಆ ಉಸಿರಿಗೆ ಅಳತೆ ಕೊಡಲು ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಒಂದು ಸಾಲು ಮೂರು ಮಾತಿಗೆ ನಿಲ್ಲುತ್ತದೆ, ಮುಂದಿನದು ಉದ್ದಕ್ಕೆ ಹರಿಯುತ್ತದೆ. ತಿದಿ ಎಲ್ಲಿ ತುಂಬಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದನ್ನು ಅರ್ಥವೇ ಹೇಳಬೇಕು. ಹಾಗಾಗಿ ನಾನು ಮೊದಲು ವಚನವನ್ನು ಮಾತಿನಂತೆ ಓದುತ್ತೇನೆ, ಆಮೇಲೆ ಎಡಗೈಯನ್ನಷ್ಟೇ ಆಡಿಸುತ್ತ ಓದುತ್ತೇನೆ, ಕೊನೆಗೆ ಸ್ವರ. ಪಟ್ಟಿಯ ಮೇಲೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಳೆಯಲು ಬಾರದೆಂಬುದು ಪೇಟಿಯ ಮೇಲಿನ ಹಳೆಯ ದೂರು. ಅಂಥ ಕಾರಣಗಳಿಗೇ 1940ರಲ್ಲಿ ಆಕಾಶವಾಣಿ ಅದನ್ನು ದೂರವಿಟ್ಟಿತ್ತು. ಮಾತಿಗೆ ಹತ್ತಿರವಾದ ಈ ಪದಗಳಲ್ಲಿ ಮಾತ್ರ ಬಿಡಿ ಬಿಡಿ ಸ್ವರವೇ ಚಂದ. ಅಕ್ಷರ ಅಕ್ಷರವೂ ಕಿವಿಗೆ ಬೀಳುತ್ತದೆ.

ಎಲ್ಲಕ್ಕಿಂತ ಸವಿಯಾದದ್ದು ವಚನದ ಕೊನೆಗೆ ಬರುವ ಶರಣರ ಮುದ್ರೆ, ಅಂಕಿತ. ಅಲ್ಲಮನ ‘ಗುಹೇಶ್ವರ’ ಬೆರಳಿಗೆ ಬರುವ ಮೊದಲೇ ಮುಗಿದುಹೋಗುತ್ತದೆ. ಉರಿಲಿಂಗಪೆದ್ದಿಯ ‘ಉರಿಲಿಂಗಪೆದ್ದಿಪ್ರಿಯ ವಿಶ್ವೇಶ್ವರ’ಕ್ಕೆ ಒಂದು ಇಡೀ ಸುತ್ತು ಬೇಕು. ಕಟ್ಟಿಗೆ ಕಾಯಕದ ಮೋಳಿಗೆ ಮಾರಯ್ಯನ ‘ನಿಃಕಳಂಕ ಮಲ್ಲಿಕಾರ್ಜುನ’ ತಾರದಿಂದ ಇಳಿಯುತ್ತ ಷಡ್ಜಕ್ಕೆ ಬಂದು ಕೂತರೆ ಮೈಯೆಲ್ಲ ನಿರಾಳ. ಒಂದೇ ಭೀಮಪಲಾಸ ಇಟ್ಟುಕೊಂಡರೂ ಶರಣರು ಬದಲಾದಂತೆ ಷಡ್ಜಕ್ಕೆ ಮರಳುವ ದಾರಿ ಬದಲಾಗುತ್ತದೆ. ರಾಗವನ್ನು ಮುಗಿಸುವುದು ಹೇಗೆಂದು ನನಗೆ ಕಲಿಸಿದ್ದು ಈ ಅಂಕಿತಗಳು. ದೊಡ್ಡ ಖ್ಯಾಲಿನ ಆಲಾಪದಲ್ಲೇ ತಿರುಗುತ್ತಿದ್ದರೆ ಮುಕ್ತಾಯದ ರುಚಿ ಇಷ್ಟು ಸಲ ಸಿಗುತ್ತಿರಲಿಲ್ಲ.

ಸಣ್ಣದು ಎಂದರೆ ದೊಡ್ಡದಕ್ಕೆ ಹೋಗುವ ಮೆಟ್ಟಿಲು ಮಾತ್ರ ಎಂದು ನಾನು ಒಪ್ಪಲಾರೆ. ಖ್ಯಾಲಿನ ಮಹಾಗಾಯಕ ಮಲ್ಲಿಕಾರ್ಜುನ ಮನ್ಸೂರರು ವಚನವನ್ನು ಅದೇ ಶ್ರದ್ಧೆಯಿಂದ ಹಾಡಿದರು. ಸೂಳೆ ಸಂಕವ್ವೆಯದು ನಮಗೆ ಸಿಕ್ಕಿರುವುದು ಒಂದೇ ವಚನ, ‘ನಿರ್ಲಜ್ಜೇಶ್ವರ’ ಅದರ ಅಂಕಿತ. ಅವಳ ಧೈರ್ಯ, ಅವಳ ನಿಷ್ಠೆ ನಮ್ಮನ್ನು ಮುಟ್ಟಲು ಆ ಕೆಲವೇ ಸಾಲು ಸಾಕಾಗಿವೆ. ಆದ್ದರಿಂದ ಪೇಟಿ ಕಲಿಯಬೇಕೆನ್ನುವ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟು: ಕೈಗೆ ಎಟಕುವ ಒಂದು ವಚನ ಆರಿಸಿಕೊಳ್ಳಿ, ಅಂಕಿತದವರೆಗೆ ನುಡಿಸಿ, ಸೋಮವಾರದ ಭಜನೆಯಲ್ಲಿ ನಾಲ್ಕು ಜನರ ಮುಂದೆ ಇಡಿ. ಮರುದಿನ ಇನ್ನೊಂದನ್ನು ಹಿಡಿಯಿರಿ.